ಗೇರು ಮತ್ತು ಇಂಧನ: ಹಾಲು ಸಾಗಿಸುವವರು ತಿಳಿದಿರಬೇಕಾದ ವಿಷಯ

ಸಂಘದ ಮುಂದೆ ಹಾಲಿನ ಸರದಿಯಲ್ಲಿ ನಿಂತಾಗ ಮಳೆ, ಮೇವು, ಕರುಗಳ ಮಾತು ಮುಗಿದ ಮೇಲೆ ಬರುವ ಮಾತು ಗಾಡಿಯ ಮೈಲೇಜಿನದು. "ಗೇರ್ ಇರುವ ಬೈಕ್ ತಗೊಳ್ಳಲೋ, ಗೇರ್ ಇಲ್ಲದ ಸ್ಕೂಟರ್ ತಗೊಳ್ಳಲೋ?" ಎಂದು ಒಬ್ಬರು ಕೇಳುತ್ತಾರೆ. "ಅದೇ ಕಂಪನಿ, ಅದೇ ಮಾದರಿ, ನಿನ್ನ ಗಾಡಿ ಅರವತ್ತು ಕೊಡುತ್ತೆ, ನನ್ನದು ನಲವತ್ತೈದು ದಾಟೋದಿಲ್ಲ, ಯಾಕೆ?" ಎಂದು ಇನ್ನೊಬ್ಬರು ಕೇಳುತ್ತಾರೆ. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಇರುವುದು ಬಹುಮಟ್ಟಿಗೆ ಒಂದೇ ಕಡೆ: ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವ ಗೇರುಪೆಟ್ಟಿಗೆಯಲ್ಲಿ.

ಇದು ಹೈನುಗಾರರಿಗೆ ಸಂಬಂಧವಿಲ್ಲದ ವಿಷಯವೆಂದು ತಿಳಿಯಬಾರದು. ಹಸುವಿನ ಕೆಚ್ಚಲಿನಿಂದ ಹೊರಟ ಹಾಲು ಮನೆಯಿಂದ ಸಂಘಕ್ಕೆ, ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ, ಅಲ್ಲಿಂದ ಡೇರಿಗೆ ಪ್ರಯಾಣ ಮಾಡುತ್ತದೆ. ಈ ಪ್ರಯಾಣದಲ್ಲಿ ಸುಡುವ ಪ್ರತಿಯೊಂದು ಲೀಟರ್ ಪೆಟ್ರೋಲ್, ಡೀಸೆಲ್ ಕೊನೆಗೆ ಹಾಲಿನ ಲೆಕ್ಕದಿಂದಲೇ ಹೋಗಬೇಕು. ಮೊದಲ ಭಾಗ ನಿಮ್ಮ ಜೇಬಿನಿಂದ ನೇರವಾಗಿ ಹೋಗುತ್ತದೆ. ಉಳಿದ ಭಾಗ ಸಾಗಾಣಿಕೆ ವೆಚ್ಚದ ರೂಪದಲ್ಲಿ ಹೋಗುತ್ತದೆ. ಆದುದರಿಂದ ಗೇರಿನ ವಿಷಯವನ್ನು ಮೆಕ್ಯಾನಿಕ್ಕಿಗೆ ಬಿಡದೆ ನಾವೂ ಸ್ವಲ್ಪ ತಿಳಿದುಕೊಳ್ಳೋಣ.

ಗೇರು ಮಾಡುವ ಕೆಲಸವೇನು?

ಕೈಯಿಂದ ತಿರುಗಿಸುವ ಕೆನೆ ಬೇರ್ಪಡಿಸುವ ಯಂತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಹಿಡಿಕೆಯನ್ನು ನಾವು ನಿಮಿಷಕ್ಕೆ ಸುಮಾರು 60 ಸುತ್ತು ತಿರುಗಿಸುತ್ತೇವೆ. ಒಳಗಿನ ಬಟ್ಟಲು ಮಾತ್ರ ನಿಮಿಷಕ್ಕೆ ಹಲವು ಸಾವಿರ ಸುತ್ತು ಸುತ್ತುತ್ತದೆ. ಇದು ಸಾಧ್ಯವಾಗುವುದು ಹಿಡಿಕೆಗೂ ಬಟ್ಟಲಿಗೂ ನಡುವೆ ಇರುವ ದೊಡ್ಡ, ಸಣ್ಣ ಹಲ್ಲುಚಕ್ರಗಳಿಂದ. ಆದರೆ ಈ ವೇಗ ಪುಕ್ಕಟೆಯಾಗಿ ಬರುವುದಿಲ್ಲ. ಯಂತ್ರ ಹೊರಡುವಾಗ ಹಿಡಿಕೆ ಎಷ್ಟು ಭಾರವಾಗಿರುತ್ತದೆ ಎಂಬುದು ತಿರುಗಿಸಿದವರಿಗೆ ಗೊತ್ತು. ಎಷ್ಟು ಪಟ್ಟು ವೇಗ ಹೆಚ್ಚಿತೋ ಅಷ್ಟು ಪಟ್ಟು ತಿರುಗಿಸುವ ಬಲ ಕಡಿಮೆಯಾಗುತ್ತದೆ. ಇದೇ ಗೇರಿನ ಮೂಲ ನಿಯಮ.

ವಾಹನದಲ್ಲಿ ಈ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಎಂಜಿನ್ನಿನ ವೇಗ ಹೆಚ್ಚು, ತಿರುಗಿಸುವ ಬಲ ಕಡಿಮೆ. 15 ಹಲ್ಲಿನ ಚಕ್ರವು 45 ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಬಲ ಸುಮಾರು ಮೂರು ಪಟ್ಟಾಗುತ್ತದೆ. ಪಿಕಪ್ ವಾಹನದ ಮೊದಲ ಗೇರಿನಲ್ಲಿ ಎಂಜಿನ್ ನಾಲ್ಕು ಸುತ್ತಿನಷ್ಟು ಸುತ್ತಿದಾಗ ಗೇರುಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತು ಸುತ್ತುತ್ತದೆ. ಟಾಪ್ ಗೇರಿನಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಸುತ್ತುತ್ತವೆ. ಹೀಗಾಗಿ ಮೊದಲ ಗೇರಿನಲ್ಲಿ ಎಳೆತ ಹೆಚ್ಚು, ಓಟ ಕಡಿಮೆ. ಟಾಪ್ ಗೇರಿನಲ್ಲಿ ಓಟ ಹೆಚ್ಚು, ಎಳೆತ ಕಡಿಮೆ.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಗೇರು ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಕೊಟ್ಟ ಶಕ್ತಿಯನ್ನೇ ಬಲವಾಗಿಯೋ ವೇಗವಾಗಿಯೋ ಹಂಚಿಕೊಡುತ್ತದೆ. ಹಂಚುವಾಗ ಸ್ವಲ್ಪ ಭಾಗವನ್ನು ತಾನೂ ತಿಂದುಹಾಕುತ್ತದೆ. ಯಾವ ಬಗೆಯ ಗೇರುಪೆಟ್ಟಿಗೆ ಎಷ್ಟು ತಿನ್ನುತ್ತದೆ ಎಂಬುದು ಮೈಲೇಜಿನ ಒಂದು ಕಾರಣ.

ಎಂಜಿನ್ನಿಗೆ ಒಪ್ಪುವ ನಡೆ

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಉಳುವ ಎತ್ತಿಗೆ ತನ್ನದೇ ಆದ ಒಂದು ನಡೆ ಇದೆ. ಆ ನಡೆಯಲ್ಲಿ ಬಿಟ್ಟರೆ ಹೊತ್ತೇರುವವರೆಗೆ ದುಡಿಯುತ್ತದೆ. ಓಡಿಸಿದರೆ ಬಾಯಲ್ಲಿ ನೊರೆ ಬರುತ್ತದೆ. ಎಂಜಿನ್ನೂ ಹಾಗೆಯೇ. ಒಂದು ವೇಗದ ಮಿತಿಯೊಳಗೆ, ಸಾಕಷ್ಟು ಹೊರೆ ಹೊತ್ತು ತಿರುಗುವಾಗ ಅದು ಒಂದು ಲೀಟರ್ ಇಂಧನದಿಂದ ಅತಿ ಹೆಚ್ಚು ಕೆಲಸ ಮಾಡುತ್ತದೆ.

ಒಳ್ಳೆಯ ಡೀಸೆಲ್ ಎಂಜಿನ್ ತನಗೆ ಒಪ್ಪುವ ಸ್ಥಿತಿಯಲ್ಲಿದ್ದಾಗ ಇಂಧನದ ಶಾಖದಲ್ಲಿ ನೂರಕ್ಕೆ 35ರಿಂದ 40 ಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತದೆ. ಉಳಿದದ್ದು ಹೊಗೆಕೊಳವೆ, ರೇಡಿಯೇಟರ್ ಮೂಲಕ ಬಿಸಿಯಾಗಿ ಹೋಗುತ್ತದೆ. ಅದೇ ಎಂಜಿನ್ ಹೊರೆಯಿಲ್ಲದೆ ಜೋರಾಗಿ ಕಿರುಚುತ್ತಾ ತಿರುಗಿದರೆ ಈ ಲೆಕ್ಕ ಬಹಳ ಕೆಳಗಿಳಿಯುತ್ತದೆ. ಏಕೆಂದರೆ ಪಿಸ್ಟನ್, ಬೇರಿಂಗ್, ವಾಲ್ವುಗಳ ಉಜ್ಜಾಟಕ್ಕೆ ಬೇಕಾಗುವ ಶಕ್ತಿ ಸುತ್ತು ಹೆಚ್ಚಾದಂತೆ ಹೆಚ್ಚುತ್ತದೆ. ಹೊರೆ ಕಡಿಮೆಯಿದ್ದಾಗ ಸುಟ್ಟ ಇಂಧನದ ಬಹುಪಾಲು ಈ ಉಜ್ಜಾಟಕ್ಕೇ ಮುಗಿದುಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದರ ಜೊತೆಗೆ ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಗಾಳಿಯನ್ನು ಎಳೆದುಕೊಳ್ಳುವ ಶ್ರಮವೂ ಸೇರುತ್ತದೆ.

ಹಾಗೆಂದು ಸುತ್ತು ಕಡಿಮೆಯಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ತುಂಬಿದ ಕ್ಯಾನ್ ಕಟ್ಟಿಕೊಂಡು ಏರು ಹತ್ತುವಾಗ ಟಾಪ್ ಗೇರಿನಲ್ಲೇ ಹಟ ಹಿಡಿದರೆ ಎಂಜಿನ್ ನಡುಗುತ್ತದೆ, ಒಳಗೆ ಬಡಿತದ ಸದ್ದು ಬರುತ್ತದೆ, ಡೀಸೆಲ್ ಗಾಡಿಯಾದರೆ ಕಪ್ಪುಹೊಗೆ ಬಿಡುತ್ತದೆ. ಕಪ್ಪುಹೊಗೆ ಎಂದರೆ ಪೂರ್ತಿ ಸುಡದ ಡೀಸೆಲ್, ಅಂದರೆ ನಿಮ್ಮ ದುಡ್ಡು.

ಹೀಗೆ ರಸ್ತೆಯ ವೇಗ ಬದಲಾಗುತ್ತಿದ್ದರೂ ಎಂಜಿನ್ನನ್ನು ಅದಕ್ಕೆ ಒಪ್ಪುವ ನಡೆಯಲ್ಲಿ ಇಡುವುದೇ ಗೇರಿನ ಕೆಲಸ. ಈ ಕೆಲಸವನ್ನು ನಿಮ್ಮ ಕೈಕಾಲು ಮಾಡಬಹುದು, ಯಂತ್ರವೂ ಮಾಡಬಹುದು. ಗೇರುಪೆಟ್ಟಿಗೆಗಳಲ್ಲಿ ಬಗೆಗಳು ಹುಟ್ಟಿಕೊಂಡದ್ದು ಇದರಿಂದಲೇ.

ಗೇರುಪೆಟ್ಟಿಗೆಯ ಬಗೆಗಳು

1. ಕೈಯಿಂದ ಹಾಕುವ ಗೇರು. ನಮ್ಮ ಬೈಕುಗಳಲ್ಲಿ, ಹೆಚ್ಚಿನ ಪಿಕಪ್, ಲಾರಿ, ಟ್ರ್ಯಾಕ್ಟರುಗಳಲ್ಲಿ ಇರುವುದು ಇದೇ. ಹಲ್ಲಿಗೆ ಹಲ್ಲು ಕೂಡಿ ತಿರುಗುವುದರಿಂದ ಜಾರುವುದಿಲ್ಲ. ಒಂದು ಜೊತೆ ಹಲ್ಲುಚಕ್ರ ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ 98 ಭಾಗದಷ್ಟನ್ನು ಮುಂದಕ್ಕೆ ದಾಟಿಸುತ್ತದೆ. ಬೆಲೆ ಕಡಿಮೆ, ದುರಸ್ತಿ ಹಳ್ಳಿಯಲ್ಲೇ ಆಗುತ್ತದೆ. ಆದರೆ ಯಾವಾಗ ಯಾವ ಗೇರು ಎಂಬ ತೀರ್ಮಾನ ಪೂರ್ತಿ ಚಾಲಕನದು. ಒಳ್ಳೆಯ ಚಾಲಕನ ಕೈಯಲ್ಲಿ ಇದರಷ್ಟು ಮಿತವ್ಯಯದ್ದು ಬೇರೆ ಕಡಿಮೆ. ಕೆಟ್ಟ ಚಾಲಕನ ಕೈಯಲ್ಲಿ ಇದರಷ್ಟು ದುಂದೂ ಬೇರಿಲ್ಲ.

2. ಮೊಪೆಡ್. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50, ಈಗಿನ ಎಕ್ಸ್‌ಎಲ್ 100 ಈ ಜಾತಿಯವು. ಇವುಗಳಲ್ಲಿ ಬದಲಾಯಿಸಲು ಗೇರೇ ಇಲ್ಲ, ಒಂದೇ ಅನುಪಾತ. ಎಂಜಿನ್ ವೇಗ ಹೆಚ್ಚಿದಾಗ ತಾನಾಗಿ ಹೊರಚಾಚಿ ಹಿಡಿದುಕೊಳ್ಳುವ ಕ್ಲಚ್ ಇರುತ್ತದೆ. ನಡುವೆ ಕಳೆದುಹೋಗುವ ಶಕ್ತಿ ಕಡಿಮೆ, ಗಾಡಿಯ ತೂಕವೂ ಕಡಿಮೆ. ಆದುದರಿಂದ 30-40 ಕಿಲೋಮೀಟರ್ ವೇಗದಲ್ಲಿ ಮೈಲೇಜ್ ಚೆನ್ನಾಗಿ ಬರುತ್ತದೆ. ಆದರೆ ಎಳೆತಕ್ಕೂ ಓಟಕ್ಕೂ ಒಂದೇ ಗೇರು ಇರುವುದರಿಂದ ವೇಗ ಹೆಚ್ಚಿಸಿದರೆ ಎಂಜಿನ್ ಕಿರುಚುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಕಡಿದಾದ ಏರಿನಲ್ಲಿ ಹೊರೆ ಹೆಚ್ಚಾದರೆ ಸೋಲುತ್ತದೆ.

3. ಗೇರಿಲ್ಲದ ಸ್ಕೂಟರ್. ಇದಕ್ಕೆ ಗೇರಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಇದರಲ್ಲಿ ಎಣಿಸಲಾಗದಷ್ಟು ಗೇರುಗಳಿವೆ ಎನ್ನಬೇಕು. ಎರಡು ರಾಟೆಗಳ ನಡುವೆ ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಪ್ರತಿ ರಾಟೆಯೂ ಎರಡು ತಟ್ಟೆಗಳಿಂದ ಆದದ್ದು. ಎಂಜಿನ್ ವೇಗ ಹೆಚ್ಚಿದಂತೆ ಉರುಳೆಗಳು ಹೊರಕ್ಕೆ ಸರಿದು ಮುಂದಿನ ರಾಟೆಯ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ. ಬೆಲ್ಟ್ ಮೇಲಕ್ಕೇರಿ ದೊಡ್ಡ ಸುತ್ತಿನಲ್ಲಿ ಓಡುತ್ತದೆ, ಹಿಂದಿನ ರಾಟೆಯಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಹೀಗೆ ಮೊದಲ ಗೇರಿನಿಂದ ಟಾಪ್ ಗೇರಿನವರೆಗೆ ಮೆಟ್ಟಿಲಿಲ್ಲದೆ ಜಾರುದಾರಿಯಂತೆ ಸಾಗುತ್ತದೆ. ಈ ಉಪಾಯವನ್ನು 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ಕಾರಿನಲ್ಲಿ ಅಳವಡಿಸಿತು. ನಮ್ಮ ದೇಶದ ಸ್ಕೂಟರಿಗೆ ಇದು 1984ರಲ್ಲಿ ಕೈನೆಟಿಕ್ ಹೋಂಡಾ ಮೂಲಕ ಬಂತು.

ಇದರ ಅನುಕೂಲವೇನೆಂದರೆ ಹೊರೆ ಹೆಚ್ಚಾದಾಗ ತಾನಾಗಿ ಕೆಳಗಿನ ಗೇರಿಗೆ ಇಳಿಯುತ್ತದೆ, ಎಡಗೈ ಎಡಗಾಲಿಗೆ ಕೆಲಸವಿಲ್ಲ. ಅನಾನುಕೂಲವೇನೆಂದರೆ ರಬ್ಬರ್ ಬೆಲ್ಟ್ ಬಾಗುವಾಗ, ಜಾರುವಾಗ ನೂರಕ್ಕೆ 10ರಿಂದ 20 ಭಾಗ ಶಕ್ತಿ ಬಿಸಿಯಾಗಿ ಕಳೆದುಹೋಗುವುದು ಸಾಮಾನ್ಯ. ಚಕ್ರ ಚಿಕ್ಕದಿರುವುದರಿಂದ ಕಚ್ಚಾರಸ್ತೆಯಲ್ಲಿ ಇನ್ನಷ್ಟು ನಷ್ಟ. 100-110 ಸಿಸಿ ಬೈಕು ಲೀಟರಿಗೆ 55ರಿಂದ 65 ಕಿಲೋಮೀಟರ್ ಕೊಡುವ ರಸ್ತೆಯಲ್ಲಿ ಅಷ್ಟೇ ಸಿಸಿಯ ಸ್ಕೂಟರ್ 40ರಿಂದ 50 ಕೊಡುವುದು ಇದೇ ಕಾರಣಕ್ಕೆ.

4. ಹಳೆಯ ಮತ್ತು ಹೊಸ ಆಟೋಮ್ಯಾಟಿಕ್. ಕಾರು, ಬಸ್ಸುಗಳಲ್ಲಿ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಎಂಬ ಬಗೆಯಿದೆ. ಒಂದು ಫ್ಯಾನ್ ಎಣ್ಣೆಯನ್ನು ಎರಚುತ್ತದೆ, ಎದುರಿನ ಫ್ಯಾನ್ ಆ ಎಣ್ಣೆಯ ರಭಸಕ್ಕೆ ತಿರುಗುತ್ತದೆ. ಹೊರಡುವಾಗ ಬಹಳ ನಯ. ಆದರೆ ಎಣ್ಣೆಯಲ್ಲಿ ಜಾರಾಟ ಇರುವುದರಿಂದ ಮೂರು ನಾಲ್ಕು ಗೇರಿನ ಹಳೆಯ ಮಾದರಿಗಳು ಇಂಧನ ಹೆಚ್ಚು ಕುಡಿಯುತ್ತಿದ್ದವು. ಆಟೋಮ್ಯಾಟಿಕ್ ಎಂದರೆ ಮೈಲೇಜ್ ಇಲ್ಲ ಎಂಬ ಮಾತು ಆ ಕಾಲದ್ದು. ಈಗಿನವುಗಳಲ್ಲಿ ವೇಗ ಹಿಡಿದ ಮೇಲೆ ಎರಡು ಭಾಗಗಳನ್ನೂ ಬಿಗಿಯಾಗಿ ಕೂಡಿಸುವ ಕ್ಲಚ್ ಇದೆ, ಗೇರುಗಳ ಸಂಖ್ಯೆಯೂ ಆರು, ಎಂಟಕ್ಕೆ ಏರಿದೆ. ಅಂತರ ಬಹಳ ಕಡಿಮೆಯಾಗಿದೆ.

5. ಕೈಗೇರನ್ನು ಯಂತ್ರವೇ ಹಾಕುವ ಬಗೆ. ಇದನ್ನು ಎಎಂಟಿ ಎನ್ನುತ್ತಾರೆ. ಗೇರುಪೆಟ್ಟಿಗೆ, ಕ್ಲಚ್ ಎಲ್ಲವೂ ಹಳೆಯವೇ. ಕ್ಲಚ್ ಒತ್ತುವುದು, ಗೇರು ಹಾಕುವುದು ಮಾತ್ರ ಸಣ್ಣ ಗಣಕಯಂತ್ರದ ಆಜ್ಞೆಯಂತೆ ನಡೆಯುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಡನೆ ಇದು ನಮ್ಮಲ್ಲಿ ಸಾಮಾನ್ಯ ಕೊಳ್ಳುಗರಿಗೆ ಎಟುಕುವಂತಾಯಿತು. ಆ ಕಾರಿನ ಕೈಗೇರಿನ ಮಾದರಿಗೂ ಎಎಂಟಿ ಮಾದರಿಗೂ ಕಂಪನಿ ಪ್ರಕಟಿಸಿದ ಮೈಲೇಜ್ ಒಂದೇ: ಲೀಟರಿಗೆ 23.1 ಕಿಲೋಮೀಟರ್. ಒಳಗಿನ ಹಲ್ಲುಚಕ್ರಗಳು ಒಂದೇ ಆದಮೇಲೆ ನಷ್ಟವೂ ಒಂದೇ ಎಂಬುದಕ್ಕೆ ಇದು ಸಾಕ್ಷಿ. ಗೇರು ಬದಲಾಗುವಾಗ ಸ್ವಲ್ಪ ತಡೆದು ಮುಂದೆ ಹೋದಂತಾಗುವುದು ಇದರ ಕೊರತೆ. ಏರಿನಲ್ಲಿ ಬ್ರೇಕ್ ಹಾಕದೆ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ನಿಲ್ಲಿಸಿಕೊಂಡರೆ ಕ್ಲಚ್ ಸುಟ್ಟುಹೋಗುತ್ತದೆ.

6. ವಿದ್ಯುತ್ ವಾಹನ. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ತಿರುಗುಬಲ ಇರುತ್ತದೆ. ಆದುದರಿಂದ ಹೆಚ್ಚಿನ ವಿದ್ಯುತ್ ವಾಹನಗಳಿಗೆ ಗೇರು ಬದಲಾಯಿಸುವ ಅಗತ್ಯವೇ ಇಲ್ಲ. ಒಂದೇ ಅನುಪಾತ ಸಾಕು. ಪದೇ ಪದೇ ನಿಂತು ಹೊರಡುವ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಹೊರೆ, ಏರು ಎರಡೂ ಸೇರಿದರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕೊಳ್ಳಬೇಕು.

ಹಾಗಾದರೆ ಯಾರಿಗೆ ಯಾವುದು?

ಕೆಲಸ ನೋಡಿ ಗಾಡಿ ಆರಿಸಿ, ಗಾಡಿ ನೋಡಿ ಕೆಲಸ ಹೊಂದಿಸಬೇಡಿ. ಒಂದು ಸಣ್ಣ ಲೆಕ್ಕ ನೋಡೋಣ. ಮನೆಯಿಂದ ಸಂಘ 4 ಕಿಲೋಮೀಟರ್ ಎಂದುಕೊಳ್ಳಿ. ಬೆಳಿಗ್ಗೆ, ಸಂಜೆ ಹೋಗಿ ಬಂದರೆ ದಿನಕ್ಕೆ 16 ಕಿಲೋಮೀಟರ್, ವರ್ಷಕ್ಕೆ 5,840 ಕಿಲೋಮೀಟರ್. ಲೀಟರಿಗೆ 60 ಕೊಡುವ ಬೈಕಿಗೆ ಸುಮಾರು 97 ಲೀಟರ್ ಪೆಟ್ರೋಲ್ ಬೇಕು. 45 ಕೊಡುವ ಸ್ಕೂಟರಿಗೆ ಸುಮಾರು 130 ಲೀಟರ್. ವ್ಯತ್ಯಾಸ ವರ್ಷಕ್ಕೆ 32-33 ಲೀಟರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಮೂರು ಸಾವಿರ ರೂಪಾಯಿಗೆ ಮೇಲೆ. ಒಂದೆರಡು ಚೀಲ ಪಶು ಆಹಾರದ ಹಣವಾಯಿತು.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಹಸುವಿನ ಕೆಲಸವೆಲ್ಲ ಹೆಂಗಸರದು, ಬೈಕು ಮಾತ್ರ ಗಂಡಸರದು ಎಂಬ ಮನೆಗಳು ನಮ್ಮಲ್ಲಿ ಹಲವು. ಮನೆಯ ಯಜಮಾನ ಊರಿನಲ್ಲಿಲ್ಲದ ದಿನ ಹಾಲು ತಡವಾಗಿ ಸಂಘಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಹುಳಿಯಾಗಿ ವಾಪಸ್ಸೂ ಹೋಗುತ್ತದೆ. ಮನೆಯ ಹೆಣ್ಣುಮಗಳು ಗೇರಿಲ್ಲದ ಸ್ಕೂಟರನ್ನು ಬೇಗ ಕಲಿತು, ಲೈಸೆನ್ಸ್ ಪಡೆದು, ತಾನು ಕರೆದ ಹಾಲನ್ನು ತಾನೇ ತಂದು ಹಾಕಿ, ಫ್ಯಾಟ್, ಎಸ್‌ಎನ್‌ಎಫ್ ಎಷ್ಟು ಬಂತೆಂದು ತಾನೇ ನೋಡಿ ಚೀಟಿ ಪಡೆದರೆ, ವರ್ಷಕ್ಕೆ ಹೆಚ್ಚಾಗಿ ಸುಟ್ಟ ಆ 33 ಲೀಟರ್ ಪೆಟ್ರೋಲ್ ದಂಡವಲ್ಲ. ವರ್ಷಕ್ಕೆ ಕೆಲವೇ ಬಾರಿ ಹಾಲು ಕೆಡುವುದು ತಪ್ಪಿದರೂ ಆ ಹಣದಲ್ಲಿ ಒಳ್ಳೆಯ ಪಾಲು ಹಿಂದಕ್ಕೆ ಬರುತ್ತದೆ. ಮೈಲೇಜ್ ಮಾತ್ರ ನೋಡಿ, ಮನೆಯಲ್ಲಿ ಒಬ್ಬರೇ ಓಡಿಸಬಲ್ಲ ಗಾಡಿ ಕೊಳ್ಳುವುದು ಜಾಣತನವಲ್ಲ.

ಸಮತಟ್ಟಾದ ರಸ್ತೆ, ಕಡಿಮೆ ದೂರ, ಒಂದು ಕ್ಯಾನ್ ಹಾಲು ಎಂದಾದರೆ ಮೊಪೆಡ್ ಸಾಕು. ದೂರ ಹೆಚ್ಚಿದ್ದರೆ, ಏರಿಳಿತ ಇದ್ದರೆ ಗೇರಿನ ಬೈಕ್ ಮೇಲು. 40 ಲೀಟರ್ ಹಾಲಿನ ತೂಕವೇ ಸುಮಾರು 41 ಕಿಲೋ, ಕ್ಯಾನಿನ ತೂಕ ಬೇರೆ ಎಂಬುದು ನೆನಪಿರಲಿ. ಸ್ಕೂಟರಿನ ಮೇಲೆ ಮಿತಿಮೀರಿ ಹೊರೆ ಹೇರಿದರೆ ಬೆಲ್ಟ್ ಜಾರಿ ಬಿಸಿಯಾಗಿ ಬೇಗ ಹರಿಯುತ್ತದೆ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಬೆಲ್ಟ್, ಉರುಳೆಗಳನ್ನು ಬದಲಾಯಿಸಿ. ಹಾಲು ತರುವ ದಾರಿಯಲ್ಲಿ ಅದು ಹರಿದರೆ ಗಾಡಿಯ ಜೊತೆ ಹಾಲೂ ನಿಂತುಬಿಡುತ್ತದೆ.

ಹಾಲು ಸಂಗ್ರಹಣೆಯ ವಾಹನದವರಿಗೆ

ಹಾಲಿನ ಮಾರ್ಗದ ವಾಹನ ಪ್ರತಿ ಊರಿನಲ್ಲಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಇಲ್ಲಿ ಗೇರಿನ ಬಳಕೆಗೆ ಮೈಲೇಜ್ ಬಹಳ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ದಿನಕ್ಕೆ 120 ಕಿಲೋಮೀಟರ್ ಓಡುವ ಪಿಕಪ್ ಲೀಟರಿಗೆ 12 ಕೊಟ್ಟರೆ 10 ಲೀಟರ್ ಡೀಸೆಲ್ ಬೇಕು. ಕೆಟ್ಟ ಚಾಲನೆಯಿಂದ ಅದು 10.5ಕ್ಕೆ ಇಳಿದರೆ ಸುಮಾರು 11.4 ಲೀಟರ್ ಬೇಕು. ದಿನಕ್ಕೆ ಒಂದೂವರೆ ಲೀಟರಿಗೆ ಹತ್ತಿರ ಎಂದರೆ ದೊಡ್ಡದಾಗಿ ಕಾಣುವುದಿಲ್ಲ. ಆದರೆ ವರ್ಷಕ್ಕೆ 520 ಲೀಟರ್ ದಾಟುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಸುಮಾರು 47 ಸಾವಿರ ರೂಪಾಯಿ, ಒಂದೇ ವಾಹನಕ್ಕೆ. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಹಾಲಿಗೆ ಮಾತ್ರವಲ್ಲ, ಡೀಸೆಲ್ಲಿಗೂ ಸಲ್ಲುತ್ತದೆ.

ಚಾಲಕರು ಗಮನಿಸಬೇಕಾದ ಅಂಶಗಳು:

ಅ) ನಿಂತಲ್ಲಿಂದ ಮೊದಲ ಗೇರಿನಲ್ಲೇ ಹೊರಡಿ. ಎರಡನೇ ಗೇರಿನಲ್ಲಿ ಹೊರಟರೆ ಕ್ಲಚ್ ತೇಯುತ್ತದೆ.

ಆ) ಒಂದು ಗೇರಿನಲ್ಲಿ ಎಂಜಿನ್ ಕಿರುಚುವವರೆಗೆ ಕಾಯಬೇಡಿ. ಎಳೆತ ಹತ್ತಿದ ಕೂಡಲೇ ಮೇಲಿನ ಗೇರಿಗೆ ಹೋಗಿ. ಏರು ಕಂಡಾಗ ಎಂಜಿನ್ ನಡುಗುವ ಮೊದಲೇ ಕೆಳಗಿನ ಗೇರಿಗೆ ಇಳಿಯಿರಿ.

ಇ) ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟು ಓಡಿಸಬೇಡಿ. ಅರ್ಧ ಒತ್ತಿದ ಕ್ಲಚ್ ಒಳಗೆ ಜಾರುತ್ತಿರುತ್ತದೆ. ಎಂಜಿನ್ ಕೊಟ್ಟ ಶಕ್ತಿ ಚಕ್ರಕ್ಕೆ ಹೋಗದೆ ತಟ್ಟೆಯನ್ನು ಸುಡುತ್ತದೆ.

ಈ) ಕ್ಯಾನ್ ಏರಿಸುವಾಗ ಎಂಜಿನ್ ಆರಿಸಿ. ನಿಂತಲ್ಲೇ ತಿರುಗುವ ಸಣ್ಣ ಡೀಸೆಲ್ ಎಂಜಿನ್ ಕೂಡ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದೆ ಕುಡಿಯುತ್ತದೆ. ಅಲ್ಲಿ ಮೈಲೇಜ್ ಸೊನ್ನೆ.

ಉ) ಟಾಪ್ ಗೇರಿನಲ್ಲಿ ನಿಧಾನವಾಗಿ, ಒಂದೇ ಸಮನೆ ಓಡಿಸಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗ ಮಿತವ್ಯಯದ್ದು ಎಂದು ಹೇಳುತ್ತಾ ಬಂದಿದೆ.

ಊ) ಜಗ್ಗಿ ಜಗ್ಗಿ ಗೇರು ಬದಲಾಯಿಸಬೇಡಿ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಕುಲುಕಿದಷ್ಟೂ ಕೊಬ್ಬು ಕಡೆದು ಮೇಲೆ ಗಂಟು ಕಟ್ಟುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಇದು ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಳಿಜಾರು ಬಂದ ಕೂಡಲೇ ಗೇರು ತೆಗೆದು ನ್ಯೂಟ್ರಲ್ ಮಾಡಿ, ಕೆಲವರು ಎಂಜಿನ್ನನ್ನೇ ಆರಿಸಿ, ಗಾಡಿಯನ್ನು ಉರುಳಿಸಿಕೊಂಡು ಬರುವುದುಂಟು. ಇಂಧನ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಇದು ಹಳೆಯ ಕಾರ್ಬುರೇಟರ್ ಗಾಡಿಗಳ ಕಾಲದಿಂದ ಬಂದದ್ದು.

ಈಗಿನ ಗಾಡಿಗಳ ರೀತಿ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಪೆಟ್ರೋಲನ್ನು ಅಳತೆ ಮಾಡಿ ಚಿಮುಕಿಸುವ ವ್ಯವಸ್ಥೆ ಬಂದಿದೆ. ಗಾಡಿ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಗ ಈ ವ್ಯವಸ್ಥೆ ಸಾಮಾನ್ಯವಾಗಿ ಇಂಧನವನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಮಾಡಿದರೋ, ಎಂಜಿನ್ ಆರದಂತೆ ಉಳಿಸಿಕೊಳ್ಳಲು ಇಂಧನ ಸುಡಲೇಬೇಕು. ಅಂದರೆ ಉಳಿಸಲು ಹೋಗಿ ಕಳೆದಂತಾಯಿತು.

ಇದಕ್ಕಿಂತ ದೊಡ್ಡದು ಪ್ರಾಣದ ವಿಷಯ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಪೂರ್ತಿ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ ಆರಿಸಿದರೆ ಬ್ರೇಕಿಗೆ, ಸ್ಟೇರಿಂಗಿಗೆ ಸಿಗುವ ಸಹಾಯಬಲವೂ ನಿಂತುಹೋಗುತ್ತದೆ. ಟನ್ನುಗಟ್ಟಲೆ ಹಾಲು ಹೊತ್ತ ವಾಹನದಲ್ಲಿ ಹೀಗೆ ಮಾಡುವುದು ಎಷ್ಟು ಅಪಾಯ ಎಂದು ಬೇರೆ ಹೇಳಬೇಕಾಗಿಲ್ಲ. ಏರಲು ಯಾವ ಗೇರು ಬೇಕಾಗುತ್ತದೋ ಇಳಿಯಲೂ ಅದೇ ಗೇರು ಎಂಬುದು ಹಿರಿಯ ಚಾಲಕರ ಸೂತ್ರ. ಹಳೆಯ ಗಾಡಿಗೂ, ಹೊಸ ಗಾಡಿಗೂ ಇದು ಸಲ್ಲುತ್ತದೆ.

ಸ್ಕೂಟರ್, ಮೊಪೆಡ್ ಇರುವವರಿಗೆ ಒಂದು ಎಚ್ಚರಿಕೆ. ಇವುಗಳಲ್ಲಿ ವೇಗ ತೀರ ಇಳಿದಾಗ ಕ್ಲಚ್ ತಾನಾಗಿ ಬಿಟ್ಟುಬಿಡುತ್ತದೆ, ಎಂಜಿನ್ನಿನ ಹಿಡಿತ ಸಿಗುವುದಿಲ್ಲ. ಆದುದರಿಂದ ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹದವಾಗಿ ಬಳಸಬೇಕು.

ಟ್ರ್ಯಾಕ್ಟರ್ ಇರುವವರಿಗೆ

ಮೇವಿನ ಹೊರೆ, ಗೊಬ್ಬರ, ಹಗುರ ಕುಂಟೆ ಮುಂತಾದ ಕೆಲಸಕ್ಕೆ ಟ್ರ್ಯಾಕ್ಟರಿನ ಪೂರ್ತಿ ಶಕ್ತಿ ಬೇಕಾಗುವುದಿಲ್ಲ. ಆದರೂ ಥ್ರಾಟಲ್ಲನ್ನು ಕೊನೆಯವರೆಗೆ ಎಳೆದು ಕೆಳಗಿನ ಗೇರಿನಲ್ಲಿ ಓಡಿಸುವ ಅಭ್ಯಾಸ ಬಹಳ ಕಡೆ ಇದೆ. ಇದರ ಬದಲು ಒಂದು ಗೇರು ಮೇಲೆ ಹಾಕಿ, ಥ್ರಾಟಲ್ ಇಳಿಸಿ, ಅದೇ ವೇಗದಲ್ಲಿ ಕೆಲಸ ಮಾಡಿ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ 1920ರಿಂದ ಟ್ರ್ಯಾಕ್ಟರುಗಳ ಪರೀಕ್ಷೆ ನಡೆಯುತ್ತಿದೆ. ಅಲ್ಲಿ ಅರ್ಧ ಹೊರೆಯ ಕೆಲಸವನ್ನು ಪೂರ್ತಿ ಎಂಜಿನ್ ವೇಗದಲ್ಲಿ ಒಮ್ಮೆ, ಮೇಲಿನ ಗೇರಿನಲ್ಲಿ ಎಂಜಿನ್ ವೇಗ ಇಳಿಸಿ ಇನ್ನೊಮ್ಮೆ ಮಾಡಿ ಇಂಧನ ಅಳೆಯುತ್ತಾರೆ. ಎರಡನೆಯ ರೀತಿಯಲ್ಲಿ ಡೀಸೆಲ್ ಕಡಿಮೆ ಸಾಕಾಗುತ್ತದೆ. ಹಗುರ ಕೆಲಸದಲ್ಲಿ ನೂರಕ್ಕೆ 15-20 ಭಾಗ ಉಳಿಯುವುದುಂಟು.

ಎಂಜಿನ್ನಿಗೆ ಭಾರವಾಯಿತೇ ಎಂದು ತಿಳಿಯುವುದು ಹೀಗೆ: ಥ್ರಾಟಲ್ ಸ್ವಲ್ಪ ಏರಿಸಿ ನೋಡಿ. ಕೂಡಲೇ ವೇಗ ಏರಿದರೆ ಸರಿ. ಏರದೆ ಕಪ್ಪುಹೊಗೆ ಬಂದರೆ ಕೆಳಗಿನ ಗೇರಿಗೆ ಇಳಿಯಿರಿ. ಆಳವಾದ ಉಳುಮೆಗೆ ಈ ಉಪಾಯ ನಡೆಯದು. ಪಿಟಿಒ ದಂಡದಿಂದ ಮೇವು ಕತ್ತರಿಸುವ ಯಂತ್ರ, ರೋಟವೇಟರ್ ನಡೆಸುವಾಗ ನಿಮಿಷಕ್ಕೆ 540 ಸುತ್ತು ಬೇಕೇ ಬೇಕು. ಅಲ್ಲಿ ಥ್ರಾಟಲ್ ಇಳಿಸಬೇಡಿ. ನಿಮ್ಮ ಟ್ರ್ಯಾಕ್ಟರಿನಲ್ಲಿ ಮಿತವ್ಯಯದ ಪಿಟಿಒ ಲಿವರ್ ಇದ್ದರೆ, ಕಡಿಮೆ ಎಂಜಿನ್ ವೇಗದಲ್ಲೇ 540 ಸುತ್ತು ಸಿಗುತ್ತದೆ. ಹಗುರ ಕೆಲಸಕ್ಕೆ ಅದನ್ನು ಬಳಸಿ.

ನಿಮ್ಮ ಗಾಡಿಯ ಮೈಲೇಜ್ ನೀವೇ ಅಳೆಯಿರಿ

ಕಂಪನಿ ಹೇಳುವ ಅಂಕಿ ಪರೀಕ್ಷೆಯ ಕೋಣೆಯದು. ನಿಮ್ಮ ರಸ್ತೆ, ನಿಮ್ಮ ಹೊರೆ ಬೇರೆ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರ್ ಬರೆದಿಡಿ. ಮುಂದಿನ ಬಾರಿ ಮತ್ತೆ ಪೂರ್ತಿ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಓಡಿತು ನೋಡಿ. 6,240ರಿಂದ 6,465ಕ್ಕೆ ಬಂದಿದ್ದು 4.5 ಲೀಟರ್ ಹಿಡಿದಿದ್ದರೆ, 225 ಭಾಗಿಸು 4.5, ಅಂದರೆ ಲೀಟರಿಗೆ 50. ಟೈರಿನ ಗಾಳಿ ಸರಿಯಾಗಿಟ್ಟು, ಒಂದು ತಿಂಗಳು ಹಳೆಯ ಅಭ್ಯಾಸದಂತೆ, ಒಂದು ತಿಂಗಳು ಇಲ್ಲಿ ಹೇಳಿದಂತೆ ಓಡಿಸಿ. ಹಾಲಿನ ಪಾಸ್ ಪುಸ್ತಕದ ಹಿಂದಿನ ಪುಟದಲ್ಲೇ ಬರೆದಿಡಬಹುದು.

ಕಲಿತದ್ದನ್ನು ಪರೀಕ್ಷಿಸಿಕೊಳ್ಳಿ

1. ಗೇರು ಶಕ್ತಿಯನ್ನು ಹೆಚ್ಚಿಸುತ್ತದೆಯೇ? (ಇಲ್ಲ. ಬಲ, ವೇಗಗಳ ನಡುವೆ ಹಂಚುತ್ತದೆ.)

2. ಒಂದೇ ಸಿಸಿಯ ಸ್ಕೂಟರಿಗಿಂತ ಗೇರಿನ ಬೈಕು ಹೆಚ್ಚು ಮೈಲೇಜ್ ಕೊಡುವುದೇಕೆ? (ಹಲ್ಲುಚಕ್ರ ಜಾರುವುದಿಲ್ಲ, ರಬ್ಬರ್ ಬೆಲ್ಟ್ ಬಾಗಿ ಜಾರಿ ಬಿಸಿಯಾಗುತ್ತದೆ, ಚಕ್ರದ ಗಾತ್ರವೂ ಕಾರಣ.)

3. ಇಳಿಜಾರಿನಲ್ಲಿ ಯಾವ ಗೇರು? (ಏರುವಾಗ ಬೇಕಾಗುವ ಗೇರು. ನ್ಯೂಟ್ರಲ್ ಎಂದಿಗೂ ಅಲ್ಲ.)

4. ಹಗುರ ಕೆಲಸದಲ್ಲಿ ಟ್ರ್ಯಾಕ್ಟರಿಗೆ ಯಾವುದು ಹಿತ? (ಗೇರು ಮೇಲೆ, ಥ್ರಾಟಲ್ ಕೆಳಗೆ.)

ಸದಸ್ಯ ಬಾಂಧವರೇ, ಹಾಲಿನ ಬೆಲೆ ನಿಗದಿ ನಮ್ಮೊಬ್ಬರ ಕೈಯಲ್ಲಿಲ್ಲ, ಪೆಟ್ರೋಲಿನ ಬೆಲೆಯಂತೂ ಇಲ್ಲವೇ ಇಲ್ಲ. ಆದರೆ ಗೇರಿನ ಹಿಡಿ ನಮ್ಮ ಕೈಯಲ್ಲೇ ಇದೆ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಅದನ್ನು ಹದವಾಗಿ ಬಳಸೋಣ. ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೆ, ನಿಮ್ಮ ಸಂಘಕ್ಕೆ ಬರುವ ಹಾಲಿನ ವಾಹನದ ಚಾಲಕರಿಗೆ ಈ ಲೇಖನವನ್ನು ಓದಿ ಹೇಳಿ.